ಅಟ್ಟದಿಂದ ಕಾರು ಇಳಿಸುವಾಗ: ಚಳಿಗಾಲ ಕಳೆದ ಮೇಲೆ ಲಿಫ್ಟಿನಲ್ಲೂ ಕಾರಿನಲ್ಲೂ ಕಾಣುವ ದೋಷಗಳು

ಒಂದು ಕಾರನ್ನು ಎತ್ತಿ ನಿಲ್ಲಿಸಿ ಅದರ ಕೆಳಗೆ ಇನ್ನೊಂದು ಕಾರು ಇಡುವ ಲಿಫ್ಟ್ ನಮ್ಮ ಗ್ಯಾರೇಜಿನಲ್ಲಿದೆ, ಅದಕ್ಕೆ ನಮ್ಮ ಮನೆಯಲ್ಲಿ ಅಟ್ಟ ಅಂತಲೇ ಹೆಸರು. ಮಲೆನಾಡಿನ ಸಾಗರದ ಕಡೆ ಮಳೆಗಾಲಕ್ಕೆ ಮುಂಚೆ ನೆನೆಯಬಾರದ ಸಾಮಾನೆಲ್ಲ ಅಟ್ಟಕ್ಕೆ ಏರುತ್ತದಲ್ಲ, ಹಾಗೆ ಇಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ನವೆಂಬರ್ ಬಂತೆಂದರೆ ನನ್ನ ಎರಡು ಸೀಟಿನ ಹಳೆಯ ಕಾರು ಮೇಲೇರುತ್ತದೆ. ಕೆಳಗೆ ಹೆಂಡತಿಯ ಕಾರು, ದಿನಾ ಓಡಾಡೋದು. ಏಪ್ರಿಲ್‌ನಲ್ಲಿ ಒಂದೆರಡು ಜೋರು ಮಳೆ ಬಂದು, ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ, ಕಾರಿಗೆ ತುಕ್ಕು ಹಿಡಿಸುವ ಉಪ್ಪು ತೊಳೆದುಹೋದ ಮೇಲೆ ನನ್ನದನ್ನು ಇಳಿಸುತ್ತೇನೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಅದಕ್ಕೋ ಏನೋ, ರಸ್ತೆಗೆ ಉಪ್ಪು ಚೆಲ್ಲುವಾಗ ಇಲ್ಲಿ ಯಾರಿಗೂ ಕೈ ಬಿಗಿಯಾಗುವುದಿಲ್ಲ.

ಐದು ತಿಂಗಳು ಅಲ್ಲಾಡದೆ ನಿಂತ ಕಾರಿನಲ್ಲಿ ಏನಾದರೂ ಒಂದು ಕೆಟ್ಟೇ ಇರುತ್ತದೆ. ಬಹಳ ಜನ ಮಾಡುವುದೇನೆಂದರೆ, ಬಿಸಿಲು ಬಿದ್ದ ಮೊದಲ ಶನಿವಾರ ಗಡಿಬಿಡಿಯಲ್ಲಿ ಕಾರು ಇಳಿಸಿ, ಸ್ಟಾರ್ಟ್ ಆಗದಿದ್ದಾಗ ದೋಷ ಹುಡುಕಲು ಕೂರುತ್ತಾರೆ. ಅಷ್ಟರಲ್ಲಿ ಅರ್ಧ ಸುಳಿವು ಅಳಿಸಿಹೋಗಿರುತ್ತದೆ. ಕಾರು ಮೇಲಿದ್ದಾಗ ಅದರ ಹೊಟ್ಟೆ ನಿಮ್ಮ ಕಣ್ಣೆದುರಿಗೇ ಇರುತ್ತದೆ. ಇಳಿಸಿದ ಮೇಲೆ ಅದೇ ಜಾಗ ನೋಡಲು ನೆಲದ ಮೇಲೆ ಬೆನ್ನು ಹಾಕಿ ತೆವಳಬೇಕು. ಹಾಗಾಗಿ ಹುಡುಕಾಟದ ಮುಕ್ಕಾಲು ಪಾಲು ಬಟನ್ ಒತ್ತುವ ಮೊದಲೇ ಮುಗಿಯಬೇಕು ಅನ್ನುವುದು ನನ್ನ ಲೆಕ್ಕ.

ಇಲ್ಲಿ ಹೇಳುವುದೆಲ್ಲ ನಾಲ್ಕು ಕಂಬದ ಲಿಫ್ಟಿಗೆ. ಅದರಲ್ಲಿ ಕಾರಿನ ಚಕ್ರಗಳು ಎರಡು ಉದ್ದ ಹಲಗೆಗಳ ಮೇಲೆ ನಿಂತಿರುತ್ತವೆ, ಎಣ್ಣೆಯ ಒತ್ತಡದಿಂದ ನಡೆಯುವ ಸಿಲಿಂಡರ್ ಉಕ್ಕಿನ ಕೇಬಲ್‌ಗಳನ್ನು ಎಳೆದು ಆ ಹಲಗೆಗಳನ್ನು ಏರಿಸುತ್ತದೆ. ಎರಡು ಕಂಬದ್ದರಲ್ಲಿ ಚಕ್ರಗಳು ಗಾಳಿಯಲ್ಲಿ ನೇತಾಡುತ್ತವೆ, ಭಾರವೆಲ್ಲ ತೋಳುಗಳ ಮೇಲೆ ಮತ್ತು ನೆಲಕ್ಕೆ ಬಿಗಿದ ಬೋಲ್ಟುಗಳ ಮೇಲೆ. ಅದರ ಕಥೆಯೇ ಬೇರೆ.

ಮೊದಲು ಲಾಕ್ ನೋಡಿ, ಆಮೇಲೆ ಕೆಳಗೆ ಹೋಗಿ

ಲಿಫ್ಟ್ ನಿಂತಿರುವುದು ಎಣ್ಣೆಯ ಒತ್ತಡದ ಮೇಲೋ ಲಾಕಿನ ಮೇಲೋ? ನಾಲ್ಕೂ ಕಂಬದಲ್ಲಿ ಒಂದೊಂದಾಗಿ ನೋಡಿ. ಕಂಬದ ಒಳಗಿನ ಏಣಿಯಂಥ ಪಟ್ಟಿಯ ಮೆಟ್ಟಿಲಿಗೆ ಲಾಕಿನ ನಾಲಿಗೆ ಸರಿಯಾಗಿ ಕೂತಿರಬೇಕು. ಚಳಿಗಾಲ ಪೂರ್ತಿ ಕಾರು ಕೂರಬೇಕಾದದ್ದು ಲಾಕಿನ ಮೇಲೆ. ನವೆಂಬರ್‌ನಲ್ಲಿ ಕಂಬಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಏಪ್ರಿಲ್‌ನಲ್ಲಿ ಹಲಗೆ ಆ ಗೆರೆಗಿಂತ ಕೆಳಗೆ ಬಂದಿದ್ದರೆ, ನೀವು ಲಾಕಿಗೆ ಕೂರಿಸುವುದನ್ನು ಮರೆತಿದ್ದೀರಿ, ಜೊತೆಗೆ ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ. ಹಾಗೆ ಜಾರಿದ ಲಿಫ್ಟಿನ ಕೆಳಗೆ ತಲೆ ಹಾಕಬೇಡಿ. ಮೊದಲು ಏರಿಸಿ ಲಾಕಿಗೆ ಕೂರಿಸಿ.

ಅದಾದ ಮೇಲೆ ಟಾರ್ಚ್ ಹಿಡಿದು ಉಕ್ಕಿನ ಕೇಬಲ್‌ಗಳನ್ನು ನೋಡಿ. ಎಳೆ ಕಿತ್ತುಕೊಂಡಿದೆಯಾ, ತುಕ್ಕು ಹಿಡಿದಿದೆಯಾ, ರಾಟೆಯ ಮೇಲೆ ಕೂತಿದೆಯಾ ಪಕ್ಕಕ್ಕೆ ಜಾರಿದೆಯಾ. ಬರಿಗೈಯಲ್ಲಿ ಸವರಬೇಡಿ. ಹಳೆ ಬಟ್ಟೆಯಲ್ಲಿ ಸವರಿ, ಕಿತ್ತ ಎಳೆ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಅವತ್ತಿಗೆ ಕೆಲಸ ನಿಲ್ಲಿಸಿ ಲಿಫ್ಟ್ ರಿಪೇರಿಯವರನ್ನು ಕರೆಸಿ.

ಚಾರ್ಜರ್ ದೀಪ ಆರಿದೆಯಾ?

ನನ್ನ ಕಾರಿನ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ. ಕಾರು ಮೇಲೆ ಹೋದ ಮೇಲೆ ಡಿಕ್ಕಿ ಮುಚ್ಚಳ ಒಂದು ಗೇಣು ಏಳುವಷ್ಟರಲ್ಲಿ ಸೂರಿಗೆ ತಾಗುತ್ತದೆ. ಇದು ಮೊದಲ ವರ್ಷ ಕಾರು ಏರಿಸಿದ ಮೇಲೆ ಗೊತ್ತಾಯಿತು! ಈಗ ಬ್ಯಾಟರಿಗೆ ಒಂದು ತುಂಡು ವೈರ್ ಖಾಯಂ ಜೋಡಿಸಿ, ತುದಿಯನ್ನು ಹೊರಗೆ ಇಳಿಬಿಟ್ಟಿದ್ದೇನೆ. ಬ್ಯಾಟರಿ ಇಳಿಯದಂತೆ ಚಳಿಗಾಲವಿಡೀ ಚಾರ್ಜರ್ ಸಿಕ್ಕಿಸಿಡುವುದೂ ಅಲ್ಲೇ, ಮಲ್ಟಿಮೀಟರ್ ಹಿಡಿಯುವುದೂ ಅಲ್ಲೇ. ಅಳೆಯುವಾಗ ಚಾರ್ಜರ್ ಬಿಚ್ಚಿ, ಒಂದೆರಡು ಗಂಟೆ ಬಿಟ್ಟು ಅಳೆಯಿರಿ. ಇಲ್ಲದಿದ್ದರೆ ಅಂಕಿ ಸುಮ್ನೆ ಜಾಸ್ತಿ ತೋರಿಸುತ್ತದೆ.

12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದ ಬ್ಯಾಟರಿ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಖಾಲಿಯಾದ ಹಾಗೆಯೇ.

ಒಂದು ವರ್ಷ ನನ್ನದು 10.4 ತೋರಿಸಿತು. ಚಾರ್ಜರ್ ಸಿಕ್ಕಿಸಿಯೇ ಇದೆ, ಆದರೆ ಅದರ ಹಸಿರು ದೀಪ ಆರಿದೆ. ಚಾರ್ಜರ್ ಸುಟ್ಟಿತು ಅಂತ ಹೊಸದು ತಂದೆ. ಅದೂ ಹೊತ್ತಲಿಲ್ಲ. ಆಗ ಪ್ಲಗ್ಗಿನ ಕಡೆ ಕಣ್ಣು ಹೋಯಿತು. ಇಲ್ಲಿನ ಗ್ಯಾರೇಜುಗಳಲ್ಲಿ ಶಾಕ್ ಹೊಡೆಯದಂತೆ ತಾನೇ ಕರೆಂಟ್ ಕಡಿಯುವ ಸಾಕೆಟ್ ಇರುತ್ತದೆ, ನಡುವೆ ಎರಡು ಪುಟ್ಟ ಬಟನ್ ಇರುವಂಥದ್ದು. ಆ ಒಂದು ಸಾಕೆಟ್ಟಿನ ಬೆನ್ನಿಗೆ ಮನೆಯ ಹೊರಗಿನ ಸಾಕೆಟ್ಟುಗಳೂ ಸೇರಿರುವುದುಂಟು. ನಮ್ಮ ಮನೆಯಲ್ಲಿ ಹಾಗೇ ಇತ್ತು. ದೀಪಾವಳಿಗೆ ಸೂರಂಚಿಗೆ ಕಟ್ಟಿದ ಸರದೀಪ ಕ್ರಿಸ್‌ಮಸ್‌ವರೆಗೂ ಇರಲಿ ಅಂತ ಬಿಟ್ಟಿದ್ದೆವು. ಜನವರಿಯ ಹಸಿ ಹಿಮ ಅದರ ಜಾಯಿಂಟಿಗೆ ಇಳಿದು, ಸಾಕೆಟ್ ಕರೆಂಟ್ ಕಡಿದುಕೊಂಡಿತು. ಹೊರಗೆ ದೀಪ ಆರಿದ್ದು ನೋಡಿ 'ಆಯ್ತು ಬಿಡು, ಹಬ್ಬ ಮುಗಿದಿದೆ' ಅಂದುಕೊಂಡೆ. ಮೇಲೆ ಚಾರ್ಜರೂ ಅವತ್ತೇ ಸತ್ತಿತ್ತು.

ಲೆಕ್ಕ ನೋಡಿ. ಕೀ ತೆಗೆದು ನಿಲ್ಲಿಸಿದ ಕಾರೂ ಗಡಿಯಾರ, ಅಲಾರಂ ಅಂತ ಸ್ವಲ್ಪ ಕರೆಂಟ್ ಹೀರುತ್ತಲೇ ಇರುತ್ತದೆ. ನನ್ನದು 20 ಮಿಲಿಆಂಪಿಯರ್ ಹೀರುತ್ತದೆ. ದಿನಕ್ಕೆ 0.48 ಆಂಪಿಯರ್-ಅವರ್. 90 ದಿನಕ್ಕೆ 43. ಬ್ಯಾಟರಿ ಇರುವುದೇ 45. ಜನವರಿ ಮೊದಲ ವಾರದಿಂದ ಏಪ್ರಿಲ್‌ಗೆ ಸರಿಯಾಗಿ ತಾಳೆ ಬಿತ್ತು. 50 ಮಿಲಿಆಂಪಿಯರ್ ಹೀರುವ ಕಾರಾದರೆ 40 ದಿನವೂ ತಡೆಯುವುದಿಲ್ಲ.

ಖಾಲಿ ಬ್ಯಾಟರಿಯ ಇನ್ನೊಂದು ಅಪಾಯ ಹೆಪ್ಪುಗಟ್ಟುವುದು. ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಪೂರ್ತಿ ಖಾಲಿಯಾದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಪಕ್ಕ ಉಬ್ಬಿದ್ದರೆ, ಬಿರುಕು ಕಂಡರೆ, ಒಳಗೆ ಇನ್ನೂ ಗಟ್ಟಿಯಿದೆ ಅನಿಸಿದರೆ ಚಾರ್ಜ್ ಮಾಡಲು ಹೋಗಬೇಡಿ, ಒಡೆಯಬಹುದು. ನನ್ನದು ಉಬ್ಬಿರಲಿಲ್ಲ. ಚಾರ್ಜ್ ಮಾಡಿದರೆ 12.3ಕ್ಕಿಂತ ಮೇಲೆ ನಿಲ್ಲಲೂ ಇಲ್ಲ. ಹೊಸ ಬ್ಯಾಟರಿ ಹಾಕಿದೆ.

ತೊಟ್ಟಿಕ್ಕಿದ್ದು ಯಾರದು?

ಮೇಲಿನ ಕಾರಿನ ಅಡಿಗೆ, ಎರಡು ಹಲಗೆಗಳ ನಡುವೆ, ಪ್ಲಾಸ್ಟಿಕ್ ಟ್ರೇ ಇಡಬೇಕು. ನಾನು ಎರಡು ಇಟ್ಟಿದ್ದೆ, ಎಂಜಿನ್ನಿನ ಕೆಳಗೊಂದು, ಹಿಂದುಗಡೆ ಒಂದು. ನಡುವಿನ ಗೇರ್ ಬಾಕ್ಸಿನ ಜಾಗ ಖಾಲಿ. ಮಾರ್ಚಿನ ಒಂದು ಬೆಳಿಗ್ಗೆ ಗ್ಯಾರೇಜಿನಿಂದ ಕೂಗು ಬಂತು. "ರೀ, ನನ್ನ ಬಾನೆಟ್ ಮೇಲೆ ಏನೋ ಬಿದ್ದಿದೆ, ಉಜ್ಜಿದರೆ ಬಣ್ಣವೇ ಬರ್ತಿದೆ!"

ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ಬಣ್ಣ ಕೀಳುವುದು ಬ್ರೇಕ್ ಎಣ್ಣೆ. ಎಂಜಿನ್ ಆಯಿಲ್ ಜಿಡ್ಡು ಮಾಡುತ್ತದೆಯೇ ಹೊರತು ಹಾಗೆ ಬಣ್ಣ ಬಿಡಿಸುವುದಿಲ್ಲ. ಕ್ಲಚ್ಚಿಗೂ ಅದೇ ಬ್ರೇಕ್ ಎಣ್ಣೆ ಹಾಕುವುದರಿಂದ, ಬ್ರೇಕೋ ಕ್ಲಚ್ಚೋ ಅನ್ನುವುದು ಎರಡನೇ ಪ್ರಶ್ನೆ.

ಅನುಮಾನ ಬಂದರೆ ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಕೈಗೆ ಗ್ಲೌಸ್ ಹಾಕಿ, ಬಿಳಿ ಟಿಶ್ಯೂಗೆ ಹನಿ ಒರೆಸಿ ಬಣ್ಣ ನೋಡಿ. ಆಮೇಲೆ ಬಿಸಾಡುವ ಲೋಟದಲ್ಲಿ ನೀರು ತೆಗೆದುಕೊಂಡು ಒಂದು ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್, ಲಿಫ್ಟಿನ ಹೈಡ್ರಾಲಿಕ್ ಆಯಿಲ್, ಇವೆಲ್ಲ ತೇಲುತ್ತವೆ. ಸಾಮಾನ್ಯ ಬ್ರೇಕ್ ಎಣ್ಣೆ ನೀರಿನಲ್ಲಿ ಬೆರೆತುಹೋಗುತ್ತದೆ. ಕೂಲೆಂಟೂ ಬೆರೆಯುತ್ತದೆ, ಆದರೆ ಅದಕ್ಕೆ ಹಸಿರೋ ಕಿತ್ತಳೆಯೋ ಬಣ್ಣ ಇರುತ್ತದೆ. ತೇಲುವವುಗಳಲ್ಲಿ ಗೇರ್ ಆಯಿಲನ್ನು ಮೂಗೇ ಹಿಡಿಯುತ್ತದೆ, ಗಂಧಕದ ನಾತ. ಕೆಂಪಗಿದ್ದರೆ ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ. ಕೆಲವರು ಲಿಫ್ಟಿಗೂ ಅದನ್ನೇ ಹಾಕಿರುತ್ತಾರೆ, ಹಾಗಾಗಿ ಕಾರಿನ ಮೇಲೆ ತಪ್ಪು ಹೊರಿಸುವ ಮುಂಚೆ ಹಲಗೆಯ ಅಡಿಯ ಸಿಲಿಂಡರನ್ನೂ ಪೈಪುಗಳನ್ನೂ ಒರೆಸಿ ನೋಡಿ.

ನನ್ನ ಹನಿ ನೀರಿನಲ್ಲಿ ಬೆರೆಯಿತು. ಟಾರ್ಚ್ ಬಿಟ್ಟು ಮೇಲೆ ನೋಡಿದರೆ ಚಕ್ರಗಳ ಒಳಬದಿ ನಾಲ್ಕೂ ಒಣಗಿತ್ತು. ಗೇರ್ ಬಾಕ್ಸಿನ ಪಕ್ಕದ ಪುಟ್ಟ ಕ್ಲಚ್ ಸಿಲಿಂಡರಿನ ರಬ್ಬರ್ ಟೋಪಿ ಮಾತ್ರ ಒದ್ದೆ. ಟೋಪಿಯ ಅಂಚು ಎತ್ತಿದ ಕೂಡಲೇ ಒಳಗೆ ನಿಂತಿದ್ದ ಎಣ್ಣೆ ಮಣಿಕಟ್ಟಿನವರೆಗೆ ಇಳಿಯಿತು. ಇಳಿಸಿ ಓಡಿಸಲು ಹೋಗಿದ್ದರೆ ಕ್ಲಚ್ ಪೆಡಲ್ ನೆಲಕ್ಕೆ ಬಿದ್ದು, ಕಾರು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಮೇಲಿದ್ದಾಗಲೇ ಎರಡು ಬೋಲ್ಟ್ ಬಿಚ್ಚಿ ಬದಲಾಯಿಸಿದೆ. ಬಾನೆಟ್ಟಿನ ಕಲೆ ಇವತ್ತಿಗೂ ಇದೆ, ಆ ವಿಷಯ ಬೇಡ.

ಹೊಟ್ಟೆ ನೋಡುವಾಗಲೇ ತುಕ್ಕನ್ನೂ ಗಮನಿಸಿ. ಉಪ್ಪಿನ ರಸ್ತೆ ಕಾಣದ ಕಾರಿಗೆ ತುಕ್ಕು ಎಲ್ಲಿಂದ ಅಂತ ನನಗೆ ಮೊದಲು ಅರ್ಥ ಆಗಿರಲಿಲ್ಲ. ಕೆಳಗಿನ ಕಾರೇ ಅದಕ್ಕೆ ಕಾರಣ. ಅದು ದಿನಾ ಸಂಜೆ ಚಕ್ರದ ಸಂದಿಯಲ್ಲಿ ಹಿಮದ ಮುದ್ದೆ ಹೊತ್ತು ತರುತ್ತದೆ. ಬಿಸಿ ಎಂಜಿನ್ನಿಗೆ ಅದು ಕರಗಿ, ಹಬೆಯಾಗಿ ಮೇಲೇಳುತ್ತದೆ. ಮೇಲೆ ತಣ್ಣಗೆ ಕೊರೆಯುವ ಕಬ್ಬಿಣ. ಅನ್ನದ ಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟುವ ಹಾಗೆ ಬ್ರೇಕ್ ಡಿಸ್ಕಿಗೂ ಸೈಲೆನ್ಸರಿಗೂ ಹನಿ ಕಟ್ಟುತ್ತದೆ. ಕೆಳಗಿನ ನೀರನ್ನು ದಿನಾ ಹೊರಗೆ ತಳ್ಳುವುದು, ಒಂದು ಸಣ್ಣ ಫ್ಯಾನ್ ಹಾಕಿಡುವುದು, ಇವೆರಡರಿಂದ ನನಗೆ ಬಹಳ ವ್ಯತ್ಯಾಸ ಕಂಡಿತು. ತೇವ ಹೀರುವ ಮೆಷಿನ್ ತರುವುದಾದರೆ ಕಂಪ್ರೆಸರ್ ಇರುವುದು ಬೇಡ, ಕೊರೆಯುವ ಗ್ಯಾರೇಜಿನಲ್ಲಿ ಅದೇ ಹಿಮಗಟ್ಟಿ ಕೂರುತ್ತದೆ.

ಲಿಫ್ಟ್ ಇಳಿಯುತ್ತಿಲ್ಲ

ಕೆಳಗಿನ ಕಾರು ಹೊರಗೆ ಹೋಗಲಿ. ಹಲಗೆಯ ಕೆಳಗೆ ಹಿಮ ಎತ್ತುವ ಸಲಿಕೆ, ಮಕ್ಕಳ ಜಾರುಬಂಡಿ ಏನೂ ಇರಬಾರದು. ಒಂದು ಮೂಲೆ ಸಲಿಕೆಯ ಮೇಲೆ ಕೂತರೂ ಸಾಕು, ಕಾರು ವಾಲುತ್ತದೆ. ಚಾರ್ಜರಿನ ವೈರನ್ನೂ ಬಿಚ್ಚಿ.

ಇಳಿಸಬೇಕಾದರೂ ಮೊದಲು ಒಂದೆರಡು ಇಂಚು ಏರಿಸಲೇಬೇಕು. ಆಗ ಲಾಕಿನ ಮೇಲಿನ ಭಾರ ಹೋಗಿ ನಾಲಿಗೆ ಬಿಡುತ್ತದೆ. 'ಇಳಿಯುತ್ತಿಲ್ಲ' ಅನ್ನುವ ದೂರುಗಳಲ್ಲಿ ಹೆಚ್ಚಿನವು ನಿಜವಾಗಿ 'ಆ ಎರಡು ಇಂಚು ಏರುತ್ತಿಲ್ಲ' ಅನ್ನುವವು.

ಮೋಟರ್ ಗುಂಯ್ ಅಂತಷ್ಟೇ ಸದ್ದು ಮಾಡಿ ತಿರುಗದಿದ್ದರೆ ಬಟನ್ ಒತ್ತಿ ಹಿಡಿಯಬೇಡಿ, ಸುಟ್ಟುಹೋಗುತ್ತದೆ. ಮೊದಲ ಅನುಮಾನ ಕರೆಂಟಿನ ಮೇಲೆ. ತೆಳುವಾದ ಉದ್ದ ಎಕ್ಸ್‌ಟೆನ್ಷನ್ ವೈರಿನಿಂದ ಲಿಫ್ಟ್ ನಡೆಸುತ್ತಿದ್ದರೆ ಅದನ್ನು ತೆಗೆದು ನೇರ ಸಾಕೆಟ್ಟಿಗೆ ಹಾಕಿ. ಬೇಸಿಗೆಯಲ್ಲಿ ಹೇಗೋ ನಡೆದ ವೈರ್, ಚಳಿಗೆ ಎಣ್ಣೆ ಮಂದವಾಗಿ ಮೋಟರಿಗೆ ಭಾರ ಹೆಚ್ಚಾದಾಗ ಕೈಕೊಡುತ್ತದೆ. ನೇರ ಹಾಕಿದರೂ ಗುಂಯ್ ಅಂದರೆ ಮೋಟರಿಗೆ ಮೊದಲ ತಳ್ಳು ಕೊಡುವ ಸ್ಟಾರ್ಟಿಂಗ್ ಕೆಪಾಸಿಟರ್ ಹೋಗಿರಬಹುದು. ಅದನ್ನು ಎಲೆಕ್ಟ್ರಿಷಿಯನ್ನಿಗೆ ಬಿಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ.

ಮೋಟರ್ ಚೆನ್ನಾಗಿ ತಿರುಗುತ್ತದೆ, ಲಿಫ್ಟ್ ಮಾತ್ರ ಏಳುವುದಿಲ್ಲ. ಎಲ್ಲರೂ ಇಲ್ಲಿ ಟ್ಯಾಂಕಿಗೆ ಇಣುಕಿ, ಎಣ್ಣೆ ತಳದಲ್ಲಿದೆ ಅಂತ ಸುರಿಯುತ್ತಾರೆ. ನಾನೂ ಸುರಿದಿದ್ದೆ. ಲಿಫ್ಟ್ ಮೇಲಿದ್ದಾಗ ಎಣ್ಣೆ ಸಿಲಿಂಡರಿನಲ್ಲಿರುತ್ತದೆ, ಟ್ಯಾಂಕಿನಲ್ಲಿ ಕಮ್ಮಿ ಕಾಣುವುದೇ ಸರಿ. ಇಳಿಸಿದಾಗ ಅಷ್ಟೂ ಎಣ್ಣೆ ವಾಪಸ್ ಬಂದು, ನಾನು ಹಾಕಿದ್ದೆಲ್ಲ ಉಕ್ಕಿ ಗೋಡೆಗುಂಟ ನೆಲಕ್ಕೆ ಹರಿಯಿತು. ಎಣ್ಣೆ ಮಟ್ಟ ನೋಡುವುದು ಲಿಫ್ಟ್ ಪೂರ್ತಿ ಕೆಳಗಿದ್ದಾಗ. ಮೇಲಿದ್ದಾಗ ನೆಲದಲ್ಲೋ ಪೈಪಿನಲ್ಲೋ ಸೋರಿದ ಗುರುತಿಲ್ಲದಿದ್ದರೆ, ಎಣ್ಣೆ ಸಾಕಷ್ಟು ಇದೆ ಅಂದುಕೊಳ್ಳಿ. ಎಣ್ಣೆ ಬರೀ ಮಂದವಾಗಿದ್ದರೂ ಪಂಪ್ ಹೀರಲು ಒದ್ದಾಡುತ್ತದೆ. ಮೈನಸ್ 10ರ ದಿನ ಬಿಟ್ಟು ಬೆಚ್ಚಗಿನ ಮಧ್ಯಾಹ್ನಕ್ಕೆ ಕಾಯಿರಿ.

ಮೂರು ಮೂಲೆ ಎದ್ದು ಒಂದು ಮೂಲೆ ಕೂತೇ ಇದ್ದರೆ ಆ ಕ್ಷಣವೇ ಕೈ ತೆಗೆಯಿರಿ. ನಾಲ್ಕೂ ಮೂಲೆಯ ಕೇಬಲ್‌ಗಳನ್ನು ಎಳೆಯುವುದು ಹಲಗೆಯ ಅಡಿಯ ಒಂದೇ ಸಿಲಿಂಡರ್. ಒಂದು ಕೇಬಲ್ ಉಳಿದವಕ್ಕಿಂತ ಹಿಗ್ಗಿದ್ದರೆ ಆ ಮೂಲೆ ತಡವಾಗಿ ಏಳುತ್ತದೆ. ಕಂಬದ ತಲೆಯಲ್ಲಿರುವ ನಟ್ ತಿರುಗಿಸಿ ಸರಿ ಮಾಡುವಂಥದ್ದು ಅದು. ಆದರೆ ಲಾಕ್ ಹಾಕುವಾಗ ಇಳಿಸುವ ಲಿವರನ್ನು ಅತಿಯಾಗಿ ಒತ್ತಿದ್ದರೆ ಕೇಬಲ್ ಪೂರ್ತಿ ಸಡಿಲಾಗಿ, ಕೇಬಲ್ ತುಂಡಾದಾಗ ಹಿಡಿಯಬೇಕಾದ ಎರಡನೇ ಲಾಕ್ ಸುಮ್ನೆ ಕಚ್ಚಿಕೊಂಡಿರುತ್ತದೆ. ಆಗ ಲಿಫ್ಟನ್ನು ಇನ್ನೂ ಸ್ವಲ್ಪ ಏರಿಸಿದರೆ ಅದೇ ಬಿಡುತ್ತದೆ. ಸಲಾಕೆ ಹಾಕಿ ಮೀಟಿದರೆ ಭಾರವೆಲ್ಲ ಒಮ್ಮೆಲೇ ಬಿದ್ದು ಅನಾಹುತ ಆಗುತ್ತದೆ.

ಗಾಳಿಯಿಂದ ಲಾಕ್ ಬಿಡಿಸುವ ಲಿಫ್ಟಾದರೆ ಪೈಪಿನೊಳಗಿನ ನೀರು ಹೆಪ್ಪುಗಟ್ಟಿರಬಹುದು. ಕಂಪ್ರೆಸರಿನ ತಳದ ನಲ್ಲಿ ತೆರೆದು ನೀರು ಬಸಿದು, ಕಂಬದ ಹತ್ತಿರದ ಪೈಪಿಗೆ ಹೇರ್ ಡ್ರೈಯರ್ ಹಿಡಿಯಿರಿ.

ಇನ್ನು, ಇಳಿಯುತ್ತಿದೆ ಆದರೆ ಆಮೆ ವೇಗ ಅಂದರೆ ಅದು ದೋಷವೇ ಅಲ್ಲ. ಲಿಫ್ಟ್ ಇಳಿಯುವುದು ಕಾರಿನ ಭಾರದಿಂದ. 8,000 ಪೌಂಡ್ ಹೊರುವ ಲಿಫ್ಟಿನ ಮೇಲೆ 2,200 ಪೌಂಡಿನ ನನ್ನ ಕಾರು ಇರುವೆ ಕೂತ ಹಾಗೆ. ಅದರ ಮೇಲೆ ಮಂದ ಎಣ್ಣೆ. ತಾಳ್ಮೆಯಿಂದ ಲಿವರ್ ಹಿಡಿದು ನಿಲ್ಲಿ, ನಾಲ್ಕೂ ಮೂಲೆ ಸಮನಾಗಿ ಬರುತ್ತಿವೆಯಾ ನೋಡುತ್ತಿರಿ.

ಇಳಿಯಿತು, ಸ್ಟಾರ್ಟ್ ಆಗುತ್ತಿಲ್ಲ

ಮೊದಲು ಕಾರನ್ನು ಹೊರಗೆ ತಳ್ಳಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಹಚ್ಚಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಚಳಿಗಾಲದ ನಡುವೆ 'ಹತ್ತು ನಿಮಿಷ ಓಡಿಸಿಡೋಣ' ಅನ್ನುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಅಷ್ಟರಲ್ಲಿ ಬ್ಯಾಟರಿಯೂ ತುಂಬುವುದಿಲ್ಲ, ಸೈಲೆನ್ಸರಿನೊಳಗೆ ನೀರು ಮಾತ್ರ ಸೇರುತ್ತದೆ.

ಕೀ ತಿರುಗಿಸಿದಾಗ ಟಕಟಕ ಅಂದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್. ತಿರುಗುವಾಗ ವೋಲ್ಟ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ. ವೋಲ್ಟ್ ಸರಿಯಿದ್ದೂ ಸದ್ದೇ ಇಲ್ಲವಾದರೆ ಕ್ಲಚ್ ಪೂರ್ತಿ ಒತ್ತಿದ್ದೀರಾ ನೋಡಿ. ಇಲ್ಲಿನ ಕಾರುಗಳಲ್ಲಿ ಕ್ಲಚ್ ಒತ್ತದೆ ಸ್ಟಾರ್ಟರ್ ತಿರುಗುವುದಿಲ್ಲ, ಐದು ತಿಂಗಳಲ್ಲಿ ಅದೂ ಮರೆತಿರುತ್ತದೆ. ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್ ಕಡೆ ಹೋಗಿ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದಂತೆ ಕಾಯುವ ಸ್ಟೆಬಿಲೈಸರ್ ಹಾಕಿಟ್ಟಿದ್ದರೆ ಐದು ತಿಂಗಳು ಏನೂ ಆಗುವುದಿಲ್ಲ. ಕಾಲು ಟ್ಯಾಂಕ್ ಬಿಟ್ಟಿದ್ದರೆ ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಂಡಿರಬಹುದು. ವಾರ್ನಿಷ್ ವಾಸನೆ ಬಂದರೆ ಬಸಿದು ಹೊಸದು ಹಾಕಿ.

ಎಂಜಿನ್ ಹತ್ತಿತು, ಗೇರ್ ಬೀಳುವುದಿಲ್ಲ, ಕರಕರ ಅನ್ನುತ್ತದೆ. ಪೆಡಲ್ ಮೆತ್ತಗೆ ನೆಲಕ್ಕೆ ಹೋದರೆ ಎಣ್ಣೆ ಸೋರಿದೆ, ನನ್ನ ಬಾನೆಟ್ ಕಥೆ. ಪೆಡಲ್ ಎಂದಿನಂತೆ ಗಟ್ಟಿಯಿದ್ದೂ ಹೀಗಾದರೆ ಕ್ಲಚ್ ಪ್ಲೇಟ್ ತುಕ್ಕಿಗೆ ಅಂಟಿಕೊಂಡಿದೆ. ಎರಡಕ್ಕೂ ಔಷಧ ಬೇರೆ ಬೇರೆ, ಮೊದಲು ಪೆಡಲ್ ಒತ್ತಿ ನೋಡಿ.

ಹೀಟರ್ ಹಾಕಿದ ಕೂಡಲೇ ಉಚ್ಚೆ ವಾಸನೆ ಬಂದರೆ ಇಲಿ. ಮೇಲಿಟ್ಟರೆ ಇಲಿ ಬರಲ್ಲ ಅನ್ನುವುದು ಸುಳ್ಳು. ಪೈಪು, ವೈರು, ಗೋಡೆ ಎಲ್ಲ ಅದಕ್ಕೆ ಮೆಟ್ಟಿಲು. ಫ್ಯಾನ್ ಆರಿಸಿ, ಕ್ಯಾಬಿನ್ ಫಿಲ್ಟರ್ ಮತ್ತು ಏರ್ ಫಿಲ್ಟರ್ ಡಬ್ಬಿ ತೆರೆಯಿರಿ. ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ವ್ಯಾಕ್ಯೂಮ್ ಬೇಡವೇ ಬೇಡ. ಇಲ್ಲಿನ ಕೆಲವು ಇಲಿಗಳ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ಶ್ವಾಸಕೋಶ ಕೆಡಿಸುವ ಹಂಟಾ ವೈರಸ್ ಬರಬಹುದು. ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು ಸಿಂಪಡಿಸಿ, ಐದು ನಿಮಿಷ ನೆನೆಸಿ, ಗ್ಲೌಸ್ ಹಾಕಿ ಒರೆಸಿ ತೆಗೆಯಿರಿ.

ಮೊದಲ ಹತ್ತು ಮೈಲಿ

ಟೈರ್ ಗಾಳಿ ನೋಡದೆ ಹೊರಡಬೇಡಿ. ತಿಂಗಳಿಗೆ ಒಂದು ಪಿಎಸ್‌ಐ ತಾನಾಗೇ ಇಳಿಯುತ್ತದೆ.

ಮೊದಲ ಮೈಲಿಯಲ್ಲಿ ದಬದಬ ಅನ್ನುವುದು ಟೈರ್ ಒಂದೇ ಕಡೆ ಚಪ್ಪಟೆಯಾಗಿರುವುದು. ಟೈರ್ ಬಿಸಿಯಾದಂತೆ ಅದು ಕರಗಬೇಕು. 15 ಮೈಲಿಯಾದ ಮೇಲೂ ಸ್ಟೀರಿಂಗ್ ನಡುಗಿದರೆ ಆ ಟೈರ್ ಪೂರ್ತಿ ದುಂಡಗಾಗುವುದು ಕಷ್ಟ. ಮೊದಲ ಐದಾರು ಬ್ರೇಕಿಗೆ ಕರ್ ಅನ್ನುವುದು ಡಿಸ್ಕಿನ ಮೇಲ್ತುಕ್ಕು, ತಾನೇ ಸವೆದುಹೋಗುತ್ತದೆ.

ಗಂಭೀರವಾಗಿ ತೆಗೆದುಕೊಳ್ಳಬೇಕಾದ್ದು ಕಾರನ್ನು ಯಾರೋ ಹಿಂದಕ್ಕೆ ಎಳೆದಂತೆ ಅನಿಸುವುದು. ಹತ್ತು ಮೈಲಿ ಓಡಿಸಿ, ಬ್ರೇಕ್ ಕಮ್ಮಿ ಬಳಸಿ, ನಿಲ್ಲಿಸಿ. ಚಕ್ರಗಳನ್ನು ಮುಟ್ಟದೆ, ಅಂಗೈಯನ್ನು ನಾಲ್ಕು ಬೆರಳು ದೂರ ಹಿಡಿದು ಒಂದೊಂದಾಗಿ ನೋಡಿ. ಒಂದು ಮಾತ್ರ ಒಲೆಯ ಹಾಗೆ ಕಾವು ಬಿಡುತ್ತಿದ್ದರೆ ಅದರ ಬ್ರೇಕ್ ಕಚ್ಚಿಕೊಂಡಿದೆ. ಹಿಂದಿನ ಚಕ್ರವಾದರೆ ನವೆಂಬರ್‌ನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಏರಿಸಿದ್ದಿರಾ ಅಂತ ನೆನಪಿಸಿಕೊಳ್ಳಿ. ಮೇಲೆ ನಿಲ್ಲಿಸುವಾಗ ಗೇರಿಗೆ ಹಾಕಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಕೊಟ್ಟರೆ ಸಾಕು. ಹ್ಯಾಂಡ್ ಬ್ರೇಕ್ ಎಳೆದಿಟ್ಟರೆ ಪ್ಯಾಡ್ ಡಿಸ್ಕಿಗೆ ಅಂಟುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪುಟ್ಟ ಲಿವರೂ ಎಳೆದ ಜಾಗದಲ್ಲೇ ತುಕ್ಕು ಹಿಡಿದು ಕೂರುತ್ತದೆ. ಲಾಕ್ ಹಾಕಿದ ಲಿಫ್ಟಿನ ಮೇಲೆ ಮತ್ತೆ ಏರಿಸಿ, ಒಬ್ಬರು ಒಳಗೆ ಕೂತು ಹ್ಯಾಂಡ್ ಬ್ರೇಕ್ ಎಳೆದು ಬಿಡಲಿ, ಇನ್ನೊಬ್ಬರು ಕೆಳಗಿನಿಂದ ಆ ಲಿವರ್ ನೋಡಲಿ. ಕೇಬಲ್ ಸಡಿಲಾದರೂ ಲಿವರ್ ವಾಪಸ್ ಬಾರದಿದ್ದರೆ ದೋಷ ಕ್ಯಾಲಿಪರಿನದು. ಕೇಬಲ್ಲೇ ಬಿಗಿಯಾಗಿ ನಿಂತಿದ್ದರೆ ಕೇಬಲ್ಲಿನದು.